ಕುರಿಮರಿಯ ತೊಡೆಗೆ ಲಕ್ವ ಹೊಡೆದರೆ

ನಾರ್ವೆಯ ಮಾಂಸದಂಗಡಿಯಲ್ಲಿ ‘ಲಮ್ಮೆಲೋರ್’ ಎಂದು ಕೂಡಿಸಿ ಬರೆದಿದ್ದರೆ ಅದು ಕುರಿಮರಿಯ ತೊಡೆ. ಬರೆದವರು ನಡುವೆ ಒಂದಿಷ್ಟು ಜಾಗ ಬಿಟ್ಟು ‘ಲಮ್ಮೆ ಲೋರ್’ ಮಾಡಿದರೋ, ಲಕ್ವ ಹೊಡೆದ ತೊಡೆಗಳು. ‘ರೊಯ್ಕ್‌ಫ್ರಿತ್’ ಎಂಬ ಫಲಕವಿದ್ದ ಕಡೆ ಸಿಗರೇಟು ಸೇದುವಂತಿಲ್ಲ. ಅದೇ ಫಲಕ ‘ರೊಯ್ಕ್ ಫ್ರಿತ್’ ಎಂದಾದರೆ ಧಾರಾಳವಾಗಿ ಸೇದಿ ಎಂಬ ಅಪ್ಪಣೆ. ‘ಶುಲ್ಲಿಂಗ್‌ಲೇವರ್’ ಎಂದರೆ ಕೋಳಿಯ ಲಿವರ್. ಅದನ್ನು ಒಡೆದು, ಹಿಂದೆ ‘ಹುರಿದ’ ಎಂಬ ಮಾತು ಸೇರಿಸಿ ಊಟದ ಪಟ್ಟಿಯಲ್ಲಿ ಹಾಕಿದರೆ ‘ಹುರಿದ ಕೋಳಿ ಬದುಕಿದೆ’ ಎಂಬ ಪವಾಡ. ಅನಾನಸ್ಸಿಗೆ ಅವರೂ ಅನಾನಸ್ ಎಂದೇ ಹೇಳುತ್ತಾರೆ. ಡಬ್ಬಿಯ ಮೇಲಿನ ‘ಅನಾನಸ್ ಹೋಳುಗಳು’ ಎಂಬ ಪದ ಎರಡಾದರೆ ‘ಅನಾನಸ್ ಕಚ್ಚುತ್ತದೆ’.

ನಾರ್ವೆಯಲ್ಲಿ ಭಾಷೆಯ ಮಾತೆತ್ತಿದರೆ ಇಂಥ ಉದಾಹರಣೆಗಳು ಸರಾಗವಾಗಿ ಬರುತ್ತವೆ. ಈ ತಪ್ಪಿಗೆ ‘ಸೇರ್‌ಸ್ಕ್ರೀವಿಂಗ್’, ಅಂದರೆ ಬಿಡಿಸಿ ಬರೆಯುವುದು, ಎಂದು ಹೆಸರು. ಜನ ಬಾಯಿಮಾತಿನಲ್ಲಿ ‘ಊರ್‌ದೇಲಿಂಗ್’ ಎಂದೂ ಹೇಳುವುದುಂಟು. ಅದರ ಸರಿಯಾದ ಅರ್ಥ ಸಾಲಿನ ಕೊನೆಯಲ್ಲಿ ಪದ ಮುರಿಯುವುದು. ಆ ವಿಷಯಕ್ಕೆ ಆಮೇಲೆ ಬರೋಣ. ಒಸ್ಲೋದಲ್ಲಿ ‘ಪದ ಒಡೆಯುವುದರ ವಿರುದ್ಧ ಖಗೋಳಜ್ಞರು’ ಎಂಬ ಗುಂಪೊಂದು ಹುಟ್ಟಿಕೊಂಡಿತ್ತೆಂದರೆ ಸಿಟ್ಟು ವ್ಯಾಕರಣದ ಮೇಷ್ಟರುಗಳನ್ನು ದಾಟಿ ಎಲ್ಲಿಯವರೆಗೆ ಹೋಗಿದೆಯೆಂದು ಊಹಿಸಬಹುದು. ಅರ್ಧ ತಮಾಷೆ, ಅರ್ಧ ನಿಜವಾದ ಸಂಕಟ.

ಆದರೆ ನಗುವಿನಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಹೀಗೆ ಒಡೆದು ಬರೆಯುವ ಯಾವ ನಾರ್ವೆಯವನೂ ಒಡೆದು ಮಾತಾಡುವುದಿಲ್ಲ. ಆ ಫಲಕ ಬರೆದ ಕಟುಕನನ್ನೇ ‘ಏನಿದೆ ಇವತ್ತು?’ ಎಂದು ಕೇಳಿ ನೋಡಿ. ಅವನ ಬಾಯಿಂದ ಬರುವುದು ಒಂದೇ ಪದ, ಕುರಿಮರಿಯದೇ ತೊಡೆ. ತಪ್ಪು ಕೈಯದು, ಕಿವಿಯದಲ್ಲ. ನಾರ್ವೇಜಿಯನ್ ಭಾಷೆಯಲ್ಲಿ ಎರಡು ಪದ ಒಂದಾಯಿತೋ ಇಲ್ಲವೋ ಎಂದು ತೀರ್ಮಾನವಾಗುವುದು ದನಿಯಲ್ಲಿ. ಬರವಣಿಗೆ ಅದನ್ನು ಒಪ್ಪಿಕೊಂಡು ಕೂಡಿಸುತ್ತದೆ, ಅಷ್ಟೆ.

ಹೇಗೆ ತೀರ್ಮಾನವಾಗುತ್ತದೆ ಎನ್ನುವುದಕ್ಕೆ ಒಂದು ಜೋಡಿಯನ್ನು ಹತ್ತಿರದಿಂದ ನೋಡೋಣ. ‘ಸ್ತೂರ್’ ಎಂದರೆ ದೊಡ್ಡ, ‘ಫಮೀಲಿಯೆ’ ಎಂದರೆ ಕುಟುಂಬ. ಬಿಡಿಬಿಡಿಯಾಗಿ ‘ಸ್ತೂರ್ ಫಮೀಲಿಯೆ’ ಎಂದಾಗ ದನಿಯ ಭಾರ ಎರಡನೆಯ ಪದದ ಮೇಲೆ, ‘ಮೀ’ ಮೇಲೆ ಬೀಳುತ್ತದೆ. ಅರ್ಥ ದೊಡ್ಡ ಕುಟುಂಬ. ಆರು ಮಕ್ಕಳಿರುವ ಗಂಡ-ಹೆಂಡತಿಗೂ ಸಲ್ಲುತ್ತದೆ. ಕೂಡಿಸಿ ‘ಸ್ತೂರ್‌ಫಮೀಲಿಯೆ’ ಎಂದಾಗ ಭಾರವೆಲ್ಲ ಮೊದಲಿಗೆ ಜಾರಿ ‘ಸ್ತೂರ್’ ಮೇಲೆ ಕೂರುತ್ತದೆ. ಅರ್ಥ ಅಜ್ಜ-ಅಜ್ಜಿ, ದೊಡ್ಡಪ್ಪ-ಚಿಕ್ಕಪ್ಪಂದಿರೆಲ್ಲ ಸೇರಿದ ಅವಿಭಕ್ತ ಕುಟುಂಬ. ‘ಮೀ’ ಪೂರ್ತಿ ಸತ್ತಿಲ್ಲ. ಅದರ ದೀರ್ಘ ಹಾಗೇ ಉಳಿದಿದೆ, ಒಂದಿಷ್ಟು ಒತ್ತೂ ಇದೆ, ಆದರೆ ಈಗ ಅದು ಎರಡನೆಯ ದರ್ಜೆಯದು. ಪದಗುಚ್ಛವಾದರೆ ಭಾರ ಕೊನೆಗೆ, ಸಮಾಸವಾದರೆ ಭಾರ ಮೊದಲಿಗೆ. ಇಡೀ ಕಥೆಯ ಬೆನ್ನೆಲುಬು ಇದೇ.

ಕನ್ನಡದವರಿಗೆ ಇದು ಚಟ್ಟನೆ ಕೇಳಿಸುವುದಿಲ್ಲ. ನಮ್ಮ ಮಾತಿನಲ್ಲಿ ಒತ್ತು ಹೀಗೆ ಅರ್ಥ ಬದಲಿಸುವುದಿಲ್ಲ. ಸಮಾಸದ ಬೆಸುಗೆಯನ್ನು ನಾವು ಗುರುತಿಸುವುದು ಬೇರೆ ಕಡೆ: ಮಳೆ, ಕಾಲ ಸೇರಿ ‘ಮಳೆಗಾಲ’ ಆದಾಗ ಕಕಾರ ಗಕಾರವಾಯಿತಲ್ಲ, ಅಲ್ಲಿ. ಬೆಟ್ಟದಾವರೆಯಲ್ಲಿ ತಕಾರ ದಕಾರವಾಯಿತು, ಕಂಬನಿಯಲ್ಲಿ ಪಕಾರ ಬಕಾರವಾಯಿತು. ‘ಮಳೆ ಗಾಲ’ ಎಂದು ಬಿಡಿಸಿ ಬರೆದರೆ ಕಣ್ಣಿಗೇ ಚುಚ್ಚುತ್ತದೆ, ಏಕೆಂದರೆ ‘ಗಾಲ’ ಎಂಬ ಪದ ಒಂಟಿಯಾಗಿ ನಮ್ಮಲ್ಲಿಲ್ಲ. ನಮ್ಮಲ್ಲಿ ವ್ಯಂಜನ ಮಾಡುವ ಈ ಕೆಲಸವನ್ನು ನಾರ್ವೇಜಿಯನ್‌ನಲ್ಲಿ ಒತ್ತು ಮಾಡುತ್ತದೆ. ಅದು ಕಾಗದದ ಮೇಲೆ ಕಾಣುವುದಿಲ್ಲ ಎನ್ನುವುದೇ ಅವರ ಕಷ್ಟ.

ಹಾಗೆಂದು ಅವರಲ್ಲಿ ಸಂಧಿಯೇ ಇಲ್ಲವೆನ್ನುವಂತಿಲ್ಲ. ಒಸ್ಲೋ ಸುತ್ತಿನ ಪೂರ್ವ ನಾರ್ವೆಯ ಮಾತಿನಲ್ಲಿ ರಕಾರದ ಮುಂದೆ ತ, ನ, ಸ ಬಂದರೆ ಎರಡೂ ಕರಗಿ ಒಂದೇ ಮೂರ್ಧನ್ಯವಾಗುತ್ತದೆ. ಮಗು ಎನ್ನುವ ಪದವನ್ನು ‘ಬಾರ್ನ್’ ಎಂದು ಬರೆದು ‘ಬಾಣ್’ ಎಂದು ಓದುತ್ತಾರೆ, ನಮ್ಮ ಅಚ್ಚ ಣಕಾರದಲ್ಲಿ. ಯುರೋಪಿನ ಉತ್ತರದ ತುದಿಯಲ್ಲಿ ಟ-ಣಗಳು ಕೇಳಿಸಿದಾಗ ದ್ರಾವಿಡ ಕಿವಿ ಒಂದು ಕ್ಷಣ ನೆಟ್ಟಗಾಗುತ್ತದೆ. ಶಿಶುವಿಹಾರ ‘ಬಾಣೆಹಾಗೆ’, ‘ಹಾಗೆ’ ಎಂದರೆ ತೋಟ. ಈ ಕರಗುವಿಕೆ ಸಮಾಸದ ಬೆಸುಗೆಯನ್ನೂ ಬಿಡುವುದಿಲ್ಲ: ಚಳಿಗಾಲಕ್ಕೆ ‘ವಿಂತೆರ್’, ಅದಕ್ಕೆ ಕ್ರೀಡೆ ಸೇರಿದರೆ ಉಚ್ಚಾರ ‘ವಿಂತೆಷ್ಪೊಟ್’. ರಕಾರವೂ ಸಕಾರವೂ ಕೂಡಿ ಷಕಾರ. ಇದಕ್ಕಿಂತ ಸಂಧಿ ಬೇಕೆ? ಪಶ್ಚಿಮದ ಬರ್ಗನ್‌ನವರು ರಕಾರವನ್ನು ಗಂಟಲಲ್ಲಿ ಉರುಳಿಸುವುದರಿಂದ ಅವರಲ್ಲಿ ಇದು ಆಗುವುದಿಲ್ಲ. ಅಂತೂ ಪೂರ್ವದವರ ಬಾಯಲ್ಲಿ ವ್ಯಂಜನಗಳು ಬೆಸುಗೆಯನ್ನು ಮುಚ್ಚುತ್ತವೆ, ಒತ್ತು ಅದನ್ನು ತೋರಿಸುತ್ತದೆ.

ಒತ್ತು ಎಂದರೆ ಬರೀ ಗಟ್ಟಿಯಾಗಿ ಹೇಳುವುದಲ್ಲ. ಇಲ್ಲಿ ನಮ್ಮ ಛಂದಸ್ಸಿನ ಗುರು-ಲಘು ಬಹಳ ಕೆಲಸಕ್ಕೆ ಬರುತ್ತದೆ. ನಾರ್ವೇಜಿಯನ್‌ನಲ್ಲಿ ಒತ್ತು ಬಿದ್ದ ಉಚ್ಚಾರಾಂಶ ಲಘುವಾಗಿರಲು ಸಾಧ್ಯವೇ ಇಲ್ಲ, ಅದು ಗುರುವಾಗಲೇಬೇಕು. ಗುರುವಾಗಲು ದಾರಿ ಎರಡು: ಸ್ವರ ದೀರ್ಘವಾಗಬೇಕು, ಇಲ್ಲವೇ ಸ್ವರ ಹ್ರಸ್ವವಾಗಿದ್ದು ಅದರ ಮುಂದಿನ ವ್ಯಂಜನ ಹಿಗ್ಗಬೇಕು. ‘ತಾಕ್’ ಎಂದರೆ ಛಾವಣಿ, ‘ತಕ್ಕ್’ ಎಂದರೆ ಧನ್ಯವಾದ. ‘ಹಾತ್’ ದ್ವೇಷ, ‘ಹತ್ತ್’ ಟೋಪಿ. ರೋಮನ್ ಅಕ್ಷರದಲ್ಲಿ ಎರಡೂ ಸ್ವರ ಒಂದೇ. ವ್ಯಂಜನವನ್ನು ಎರಡು ಸಲ ಬರೆದು ‘ಹಿಂದಿನ ಸ್ವರ ಹ್ರಸ್ವ’ ಎಂದು ಸೂಚಿಸುತ್ತಾರೆ. ಕನ್ನಡ ಲಿಪಿಗೆ ಈ ಬಳಸುದಾರಿ ಬೇಕಿಲ್ಲ, ದೀರ್ಘವೂ ಒತ್ತಕ್ಷರವೂ ನೇರವಾಗಿ ಕಾಣುತ್ತವೆ. ನಮಗೂ ಅವರಿಗೂ ಇರುವ ವ್ಯತ್ಯಾಸ ಇನ್ನೊಂದು. ನಮ್ಮ ‘ಮನೆ’ಯಲ್ಲಿ ಎರಡೂ ಲಘು, ಹಾಯಾಗಿವೆ. ನಾರ್ವೆಯವನ ಕೈಗೆ ಆ ಪದ ಸಿಕ್ಕರೆ ‘ಮಾನೆ’ ಅನ್ನುತ್ತಾನೆ ಅಥವಾ ‘ಮನ್ನೆ’ ಅನ್ನುತ್ತಾನೆ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟ ಮೇಲೆ ಅದನ್ನು ಲಘುವಾಗಿ ಬಿಡುವುದು ಅವನ ನಾಲಿಗೆಗೆ ಒಗ್ಗದು.

ಇದರ ಮೇಲೆ ಮತ್ತೊಂದು ಪದರವಿದೆ. ಹೊರಗಿನವರಿಗೆ ನಾರ್ವೆಯವರು ಹಾಡಿದಂತೆ ಮಾತಾಡುತ್ತಾರೆ ಅನ್ನಿಸುವುದು ಇದರಿಂದಲೇ. ಒತ್ತು ಬಿದ್ದ ಪದಕ್ಕೆ ಎರಡು ಧಾಟಿಗಳಲ್ಲಿ ಒಂದು ಬರುತ್ತದೆ. ಒಸ್ಲೋ ಕಡೆ ಮೊದಲ ಧಾಟಿ ತಗ್ಗಿನಲ್ಲಿ ಶುರುವಾಗಿ ಏರುತ್ತದೆ. ಎರಡನೆಯದು ಎತ್ತರದಲ್ಲಿ ಶುರುವಾಗಿ, ಇಳಿದು, ಮತ್ತೆ ಏರುತ್ತದೆ. ‘ಬೊನ್ನರ್’ ಎಂಬುದನ್ನು ಮೊದಲ ಧಾಟಿಯಲ್ಲಿ ಹೇಳಿದರೆ ರೈತರು. ಎರಡನೆಯದರಲ್ಲಿ ಹೇಳಿದರೆ ಹುರುಳಿಕಾಯಿ ಜಾತಿಯ ಕಾಳುಗಳು, ಇಲ್ಲವೇ ಪ್ರಾರ್ಥನೆಗಳು. (ಕಾಳು ಮತ್ತು ಪ್ರಾರ್ಥನೆಯನ್ನು ಬೇರ್ಪಡಿಸಲು ಧಾಟಿಯೂ ಸಹಾಯಕ್ಕೆ ಬರುವುದಿಲ್ಲ, ಸಂದರ್ಭವೇ ಗತಿ.) ಬರವಣಿಗೆಯಲ್ಲಿ ರೈತರಿಗೆ ಒಂದು ದಕಾರ ಉಳಿದಿದೆ, ಆದರೆ ಅದು ಮೌನ. ಈ ಎರಡು ಧಾಟಿ ಎಲ್ಲಿಂದ ಬಂತು ಎಂದು ಹುಡುಕಿದರೆ ಸಿಗುವ ಉತ್ತರ ಸೊಗಸಾಗಿದೆ. ಹಳೆಯ ನಾರ್ಸ್ ಭಾಷೆಯಲ್ಲಿ ರೈತರು ಎಂಬ ಪದಕ್ಕೆ ಇದ್ದದ್ದು ಒಂದೇ ಉಚ್ಚಾರಾಂಶ. ಕಾಳುಗಳಿಗೂ ಪ್ರಾರ್ಥನೆಗಳಿಗೂ ಎರಡೆರಡು. ಕಾಲಕ್ರಮದಲ್ಲಿ ರೈತರ ಪದದೊಳಗೆ ಒಂದು ಸ್ವರ ನುಸುಳಿ ಎಲ್ಲವೂ ಒಂದೇ ಉದ್ದಕ್ಕೆ ಬಂದವು. ಧಾಟಿ ಮಾತ್ರ ಹಳೆಯ ಲೆಕ್ಕವನ್ನೇ ಹಿಡಿದುಕೊಂಡಿತು. ಅಂದರೆ ಇವತ್ತು ಒಸ್ಲೋದ ಹುಡುಗನೊಬ್ಬ ರೈತರ ಮಾತಾಡುವಾಗ, ಶತಮಾನಗಳ ಹಿಂದೆ ಆ ಪದಕ್ಕಿದ್ದ ಉಚ್ಚಾರಾಂಶಗಳ ಸಂಖ್ಯೆಯನ್ನು ತನಗೆ ಗೊತ್ತಿಲ್ಲದೆಯೇ ಹಾಡುತ್ತಿರುತ್ತಾನೆ. ಎಲ್ಲ ಕಡೆಯೂ ಹೀಗಿಲ್ಲ. ಬರ್ಗನ್ ಆಸುಪಾಸಿನ ಮತ್ತು ದೂರದ ಉತ್ತರದ ಕೆಲವು ಉಪಭಾಷೆಗಳಲ್ಲಿ ಈ ಭೇದವೇ ಇಲ್ಲ.

ಸಮಾಸಕ್ಕೆ ಬಂದರೆ, ಪದಗಳು ಎಷ್ಟೇ ಕೂಡಿಕೊಳ್ಳಲಿ, ಧಾಟಿ ಒಂದೇ. ಅದು ಹೊರಡುವುದು ಮೊದಲ ಪದದ ಒತ್ತಿನಿಂದ. ಸ್ಟಾಕ್‌ಹೋಮ್ ಕಡೆಯ ಸ್ವೀಡಿಶ್‌ನಲ್ಲಿ ಸಮಾಸವೆಂದರೆ ಬಹುಪಾಲು ಎರಡನೆಯ ಧಾಟಿಯೇ. ಪೂರ್ವ ನಾರ್ವೆಯಲ್ಲಿ ಹಾಗಲ್ಲ, ಮೊದಲ ಪದ ಎಂಥದ್ದು ಎನ್ನುವುದರ ಮೇಲೆ ಧಾಟಿ ನಿಲ್ಲುತ್ತದೆ. ಇನ್ನು ವ್ಯಾಕರಣ ನೋಡಿದರೆ ಅದು ತದ್ವಿರುದ್ಧ ದಿಕ್ಕಿನಲ್ಲಿ ಕೂತಿದೆ. ‘ಬಾಣ್’ ನಪುಂಸಕ, ‘ಹಾಗೆ’ ಪುಲ್ಲಿಂಗ. ‘ಬಾಣೆಹಾಗೆ’ ಪುಲ್ಲಿಂಗ, ಏಕೆಂದರೆ ಲಿಂಗ, ವಚನ, ಅರ್ಥದ ತಿರುಳು ಎಲ್ಲವೂ ಕೊನೆಯ ಪದದ ಸ್ವತ್ತು. ತತ್ಪುರುಷದಲ್ಲಿ ಉತ್ತರಪದ ಪ್ರಧಾನ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ನಾರ್ವೇಜಿಯನ್ ಸಮಾಸಕ್ಕೆ ಹೀಗೆ ಇಬ್ಬರು ಯಜಮಾನರು: ಅರ್ಥಕ್ಕೆ ಉತ್ತರಪದ, ದನಿಗೆ ಪೂರ್ವಪದ. ನಡುವೆ ಜಾಗ ಬಿಟ್ಟು ಬರೆದಾಗ ಈ ಕರಾರು ಮುರಿಯುತ್ತದೆ. ಓದುವವನು ಎರಡನೆಯ ಪದಕ್ಕೂ ಪೂರ್ತಿ ಒತ್ತು ಕೊಟ್ಟು ಓದುತ್ತಾನೆ, ಕುರಿಮರಿಗೆ ಲಕ್ವ ಹೊಡೆಯುತ್ತದೆ.

ಪದಗುಚ್ಛವೊಂದು ಸಮಾಸವಾಗಿ ಗಟ್ಟಿಯಾಗುವುದನ್ನು ನೋಡಬೇಕೆಂದರೆ ಅವರ ರಾಷ್ಟ್ರೀಯ ಭಕ್ಷ್ಯವೇ ಇದೆ. ‘ಫೋರಿಕೋಲ್’: ಕುರಿಮಾಂಸ ಮತ್ತು ಎಲೆಕೋಸನ್ನು ಒಂದರ ಮೇಲೊಂದು ಹರಡಿ, ಕಾಳುಮೆಣಸು ಹಾಕಿ ಗಂಟೆಗಟ್ಟಲೆ ಬೇಯಿಸಿದ್ದು. 1972ರಲ್ಲಿ ರೇಡಿಯೊ ಕಾರ್ಯಕ್ರಮವೊಂದು ಇದನ್ನು ರಾಷ್ಟ್ರೀಯ ಭಕ್ಷ್ಯವೆಂದು ಆರಿಸಿತು. ಫೋರ್, ಇ, ಕೋಲ್: ‘ಕೋಸಿನಲ್ಲಿ ಕುರಿ’ ಎಂಬ ಮೂರು ಪದ. ಒತ್ತು ‘ಫೋ’ಗೆ ಹೋದದ್ದೇ ತಡ, ಮೂರೂ ಸೇರಿ ಒಂದೇ ಪದ.

ಬೆಸುಗೆಯನ್ನು ಕಾಗದದ ಮೇಲೂ ತೋರಿಸುವ ಒಂದು ಕೊಂಡಿ ಅವರಲ್ಲಿದೆ. ಎರಡು ಪದಗಳ ನಡುವೆ ಕೆಲವೊಮ್ಮೆ ಸಕಾರ, ಕೆಲವೊಮ್ಮೆ ಎಕಾರ ಸೇರಿಸುತ್ತಾರೆ, ಕೆಲವೊಮ್ಮೆ ಏನೂ ಇಲ್ಲ. ವೈನ್ ಲೋಟ ‘ವೀನ್‌ಗ್ಲಾಸ್’, ಕೊಂಡಿ ಬೇಕಾಗಿಲ್ಲ. ಕೆಂಪು ವೈನಿನ ಲೋಟ ‘ರೋವೀನ್ಸ್‌ಗ್ಲಾಸ್’. ಇಲ್ಲಿ ಸಕಾರ ಬಂತು. ಮೊದಲ ಭಾಗವೇ ಒಂದು ಸಮಾಸವಾಗಿದ್ದಾಗ ಸಾಮಾನ್ಯವಾಗಿ ಹೀಗೆ ಸಕಾರ ಬಂದು, ‘ಇದುವರೆಗಿನದು ಒಂದು ಗಂಟು, ಮುಂದಿನದು ಬೇರೆ’ ಎನ್ನುತ್ತದೆ. ಆದ್ದರಿಂದ ಕೆಂಪಗಿರುವುದು ವೈನು, ಲೋಟವಲ್ಲ. ಒಂದು ಅಕ್ಷರ ಇಷ್ಟು ಕೆಲಸ ಮಾಡುವುದು ಕಂಡು ನನಗೆ ಅಸೂಯೆಯಾಗುತ್ತದೆ. ಆದರೆ ಈ ಕೊಂಡಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಹೊಸ ಪದಕ್ಕೆ ಸಕಾರ ಬೇಕೋ ಬೇಡವೋ ಎಂದು ನಾರ್ವೆಯವರೇ ಬಾಯಲ್ಲಿ ಎರಡು ಸಲ ಹೇಳಿ ನೋಡಿ ನಿರ್ಧರಿಸುತ್ತಾರೆ.

ಈಗ ಸಾಲಿನ ಕೊನೆಗೆ ಬರೋಣ. ಪತ್ರಿಕೆಯ ಕಿರಿದಾದ ಕಾಲಂ, ಉದ್ದನೆಯ ಪದ, ಎಲ್ಲಿ ಮುರಿಯುವುದು? ಬಿಡಿ ಪದವಾದರೆ ಲೆಕ್ಕ ಸುಲಭ: ಸ್ವರಗಳ ನಡುವೆ ವ್ಯಂಜನಗಳಿದ್ದರೆ ಒಂದನ್ನು ಮಾತ್ರ ಮುಂದಿನ ಸಾಲಿಗೆ ಕಳಿಸು. ಕನ್ನಡದ ‘ಅಕ್ಕ’ ಅವರ ಕೈಲಿ ‘ಅಕ್-ಕ’ ಆಗುತ್ತಿತ್ತು. ಕಿವಿಗೆ ಕೇಳಿಸುವುದೂ ಹಾಗೆಯೇ. ನಮ್ಮ ಛಂದಸ್ಸಿನವರು ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರುವೆಂದು ಎಣಿಸುವುದೂ ಅದಕ್ಕೇ. ನಮ್ಮ ಲಿಪಿಯಲ್ಲಿ ಮಾತ್ರ ‘ಅ-ಕ್ಕ’ ಎಂದಲ್ಲದೆ ಬೇರೆ ಥರ ಮುರಿಯಲಾಗದು, ಏಕೆಂದರೆ ಒತ್ತಕ್ಷರದ ಗುರುತು ಅಕ್ಷರದ ಕಾಲಿಗೆ ಅಂಟಿದೆ.

ಸಮಾಸವಾದರೆ ಈ ಲೆಕ್ಕವನ್ನು ಬದಿಗಿಟ್ಟು ಬೆಸುಗೆಯಲ್ಲೇ ಮುರಿಯಬೇಕು. ‘ಮೊರ್ಗೆನ್‌ಬ್ಲಾದೆ’ ಎಂಬ ಹಳೆಯ ಪತ್ರಿಕೆಯ ಹೆಸರನ್ನೇ ತೆಗೆದುಕೊಳ್ಳಿ. 1819ರಲ್ಲಿ ಶುರುವಾದದ್ದು, ‘ಮುಂಜಾನೆಯ ಪತ್ರಿಕೆ’ ಎಂದರ್ಥ. ಅದನ್ನು ಮೊರ್ಗೆನ್ ಆದಮೇಲೆ ಮುರಿಯುವುದೇ ಚೆನ್ನ. ಬೆಸುಗೆ ತಪ್ಪಿದರೆ ಓದುಗ ಎಡವುತ್ತಾನೆ. ‘ಬೀಲ್’ ಎಂದರೆ ಕಾರು, ‘ದೇಲರ್’ ಎಂದರೆ ಭಾಗಗಳು. ‘ಬೀಲ್‌ದೇಲರ್’ ಕಾರಿನ ಬಿಡಿಭಾಗಗಳು. ‘ಬಿಲ್ದೆ’ ಎಂದರೆ ಚಿತ್ರ. ರೋಮನ್ ಅಕ್ಷರದಲ್ಲಿ ಕಾರಿನ ಭಾಗದ ಮೊದಲ ಐದು ಅಕ್ಷರವೂ ‘ಚಿತ್ರ’ ಎಂಬ ಪದವೂ ಒಂದೇ. ಸಾಲಿನ ಕೊನೆಯಲ್ಲಿ ಆ ಐದಕ್ಕೆ ಮುರಿದರೆ ಓದುಗ ಹ್ರಸ್ವ ಇಕಾರದಲ್ಲಿ ಚಿತ್ರದ ಕಡೆ ಹೊರಟು, ಮುಂದಿನ ಸಾಲಿನಲ್ಲಿ ದಾರಿ ತಪ್ಪಿ, ವಾಪಸು ಬಂದು ದೀರ್ಘ ಈಕಾರದಲ್ಲಿ ಕಾರು ಹತ್ತಬೇಕು. ಬೆಸುಗೆ ಎಲ್ಲಿ ಎಂದು ತಿಳಿಯುವವರೆಗೆ ಸ್ವರ ಹ್ರಸ್ವವೋ ದೀರ್ಘವೋ ಎನ್ನುವುದೂ ತಿಳಿಯುವುದಿಲ್ಲ.

ನನಗೆ ಅತಿ ಇಷ್ಟವಾದ ನಿಯಮ ಇನ್ನೊಂದು. ‘ನತ್ತ್’ ರಾತ್ರಿ, ‘ತೋಗ್’ ರೈಲು. ರಾತ್ರಿಯಲ್ಲಿ ಎರಡು ತಕಾರ, ರೈಲಿನಲ್ಲಿ ಒಂದು, ಕೂಡಿದರೆ ಮೂರಾಗಬೇಕು. ಒಂದೇ ವ್ಯಂಜನ ಮೂರು ಸಲ ಬರೆಯುವ ಪದ್ಧತಿ ನಾರ್ವೇಜಿಯನ್‌ನಲ್ಲಿಲ್ಲ, ಆದ್ದರಿಂದ ರಾತ್ರಿ ರೈಲು ಎರಡೇ ತಕಾರದಲ್ಲಿ ಓಡುತ್ತದೆ. ಆದರೆ ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾಗಿ ಬಂದರೆ, ಕಳೆದುಹೋದ ತಕಾರ ಮರಳಿ ಬರುತ್ತದೆ: ಈ ಸಾಲಿಗೆ ಎರಡು, ಮುಂದಿನ ಸಾಲಿಗೆ ಒಂದು. ಬಸ್ಸು ಮತ್ತು ಚಾಲಕ ಸೇರಿದ ‘ಬುಸ್‌ಷೊಫೋರ್’ ಪದದಲ್ಲಿ ಸಕಾರದ ಗತಿಯೂ ಇದೇ. ಲೋಪಸಂಧಿ ಮಾಡಿ, ಬಿಡಿಸುವಾಗ ಲೋಪವಾದ ಅಕ್ಷರವನ್ನು ಪ್ರಾಮಾಣಿಕವಾಗಿ ಹಿಂದಿರುಗಿಸುವ ಈ ಶಿಸ್ತು ನಮ್ಮ ಪರೀಕ್ಷೆಯ ‘ಬಿಡಿಸಿ ಬರೆಯಿರಿ’ ಪ್ರಶ್ನೆಯನ್ನು ನೆನಪಿಸದೆ ಇರದು. ಕಂಪ್ಯೂಟರಿಗೆ ಇದು ತಲೆನೋವು. 1983ರಲ್ಲಿ ಫ್ರಾಂಕ್ ಲಿಯಾಂಗ್ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ, ಟೆಕ್ ಎಂಬ ಮುದ್ರಣ ತಂತ್ರಾಂಶದಲ್ಲಿ ಬಳಕೆಯಾದ ವಿಧಾನ ಅಕ್ಷರಗಳ ಸಾಲನ್ನು ನೋಡಿ ಎಲ್ಲಿ ಮುರಿಯಬಹುದೆಂದು ಹೇಳುತ್ತದೆ. ಅದಕ್ಕೆ ಅರ್ಥ ಗೊತ್ತಿಲ್ಲ, ಒತ್ತು ಕೇಳಿಸದು.

ಒತ್ತು ಮೊದಲಿಗೇ ಬರುತ್ತದೆ ಎನ್ನುವುದಕ್ಕೆ ಅಪವಾದಗಳಿವೆ, ಅವೂ ಕುತೂಹಲದವೇ. ದಕ್ಷಿಣದ ಬಂದರು ಪಟ್ಟಣ ಕ್ರಿಸ್ತಿಯಾನ್‌ಸಾನ್, ಪಶ್ಚಿಮ ತೀರದ ಕ್ರಿಸ್ತಿಯಾನ್‌ಸುನ್, ಎರಡರಲ್ಲೂ ಒತ್ತು ಕೊನೆಯಲ್ಲಿ. ಹೆಸರುಗಳು ಇಷ್ಟು ಹತ್ತಿರವಿರುವಾಗ ಬೇರೆಯಾಗಿರುವ ಭಾಗಕ್ಕೇ ಒತ್ತು ಬೀಳುವುದು ಅನುಕೂಲವೇ. ಆದರೂ ಅಂಚೆಯವರಿಗೆ ಅದು ಸಾಲದೆ, ಒಂದಕ್ಕೆ ದಕ್ಷಿಣದ ಮೊದಲಕ್ಷರ, ಇನ್ನೊಂದಕ್ಕೆ ಉತ್ತರದ ಮೊದಲಕ್ಷರ ಸೇರಿಸಿ ಬರೆಯುವ ರೂಢಿ ಬಂದಿತ್ತು. ಇನ್ನು ಹೊರಗಿನಿಂದ ಬಂದ ಪದಗಳು: ಸ್ಟೇಷನ್, ಬಾಳೆಹಣ್ಣು, ಆಲೂಗಡ್ಡೆ ಇವುಗಳ ನಾರ್ವೇಜಿಯನ್ ರೂಪಗಳಿಗೆ ಶಿಷ್ಟ ಉಚ್ಚಾರದಲ್ಲಿ ಕೊನೆಯಲ್ಲಿ ಒತ್ತು: ಸ್ತಷೂನ್, ಬನಾನ್, ಪೊತೇತ್. ಒಸ್ಲೋದ ಪೂರ್ವ ಭಾಗದ ದುಡಿಯುವ ಜನ, ಸುತ್ತಲಿನ ಹಳ್ಳಿಗರು ಅದನ್ನು ಮೊದಲಿಗೆ ಎಳೆದು ‘ಬಾ’ ಮೇಲೆ ಒತ್ತಿ ಹೇಳುತ್ತಿದ್ದರು, ಈಗಲೂ ಹೇಳುವವರಿದ್ದಾರೆ. ಅದನ್ನು ಒರಟು ಮಾತೆಂದು ಮೂಗು ಮುರಿದವರೂ ಇದ್ದರು. ಆ ಜನ ಮಾಡಿದ್ದೇನು? ಪರದೇಶದ ಪದವನ್ನು ತಮ್ಮ ಭಾಷೆಯ ಕಾನೂನಿಗೆ ಒಗ್ಗಿಸಿದರು. ನನ್ನ ಲೆಕ್ಕದಲ್ಲಿ ಅಚ್ಚ ನಾರ್ವೇಜಿಯನ್ ಅವರದೇ.

ಹಾಗಾದರೆ ಇಷ್ಟು ಚೆನ್ನಾಗಿ ಕೇಳಿಸುವ ಬೆಸುಗೆಯನ್ನು ಕೈ ಏಕೆ ಒಡೆಯುತ್ತದೆ? ಇಂಗ್ಲಿಷಿನ ಕಡೆ ಬೆರಳು ತೋರಿಸುವುದು ರೂಢಿ, ಅದರಲ್ಲಿ ನಿಜವೂ ಇದೆ. ಇಂಗ್ಲಿಷ್ ಕೂಡ ಸಮಾಸದಲ್ಲಿ ಸಾಮಾನ್ಯವಾಗಿ ಒತ್ತನ್ನು ಮೊದಲಿಗೇ ತರುತ್ತದೆ, ಆದರೆ ಬರೆಯುವಾಗ ಬಹಳಷ್ಟು ಕಡೆ ಜಾಗ ಬಿಡುತ್ತದೆ. ಅದನ್ನು ದಿನವೂ ಓದುವ ಕಣ್ಣು ಅದೇ ಅಭ್ಯಾಸವನ್ನು ಮನೆಗೆ ತರುತ್ತದೆ. ಹೊಸ ಸಮಾಸ ಬರೆದಾಗಲೆಲ್ಲ ಕೆಂಪು ಗೆರೆ ಎಳೆಯುವ ಕಾಗುಣಿತ ತಂತ್ರಾಂಶವೂ ತಪ್ಪಿತಸ್ಥ; ನಡುವೆ ಜಾಗ ಬಿಟ್ಟರೆ ಗೆರೆ ಮಾಯ, ಬರೆದವನಿಗೆ ಸಮಾಧಾನ. ಪೊಟ್ಟಣದ ಮೇಲೆ ಅಂದವಾಗಿ ಕೂರಲೆಂದು ಪದವನ್ನು ಎರಡು ಸಾಲು ಮಾಡಿ ಅಡ್ಡಗೆರೆ ಹಾಕಲು ಮರೆಯುವ ವಿನ್ಯಾಸಕಾರರನ್ನೂ ಬಿಡುವಂತಿಲ್ಲ. ಇದರಿಂದ ಭಾಷೆ ಸಾಯುತ್ತದೆ ಎಂಬ ಗೋಳಾಟ ಮಾತ್ರ ನನಗೆ ಅತಿಯೆನ್ನಿಸುತ್ತದೆ. ಹುರಿದ ಕೋಳಿ ಎದ್ದು ಓಡೀತೆಂದು ಯಾವ ಗಿರಾಕಿಯೂ ಹೆದರಿಲ್ಲ. ದನಿಯಲ್ಲಿ ಒತ್ತು ಇರುವವರೆಗೆ ಸಮಾಸಕ್ಕೆ ಏನೂ ಆಗದು.

ಕೂಡಿಸುವ ಉತ್ಸಾಹ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ನಾರ್ವೆಯವರು ಹೆಮ್ಮೆಯಿಂದ ಮುಂದಿಡುವ ಪದವೊಂದಿದೆ: ಮಿನೊರಿತೇತ್ಸ್‌ಲಾದ್ನಿಂಗ್ಸ್‌ಬೇರರ್‌ದಿಫುಷೂನ್ಸ್‌ಕೊಎಫಿಸಿಯೆಂತ್‌ಮೋಲಿಂಗ್ಸ್‌ಅಪರಾತೂರ್. ಅರೆವಾಹಕದಲ್ಲಿ ಅಲ್ಪಸಂಖ್ಯಾತ ವಿದ್ಯುದಾವೇಶ ವಾಹಕಗಳು ಎಷ್ಟು ಬೇಗ ಹರಡುತ್ತವೆಂಬ ಗುಣಾಂಕವನ್ನು ಅಳೆಯುವ ಉಪಕರಣ. ರೋಮನ್ ಲಿಪಿಯಲ್ಲಿ 60 ಅಕ್ಷರ, 22 ಉಚ್ಚಾರಾಂಶ, ಏಳು ಪದ, ನಾಲ್ಕು ಕಡೆ ಸಕಾರದ ಕೊಂಡಿ. ಇಷ್ಟೆಲ್ಲಕ್ಕೂ ಪ್ರಧಾನ ಒತ್ತು ಒಂದೇ, ಅದು ನಾಲ್ಕನೆಯ ಉಚ್ಚಾರಾಂಶವಾದ ‘ತೇತ್ಸ್’ ಮೇಲೆ. ಅಲ್ಲಿಂದ ಮುಂದಿನ 18ರಲ್ಲಿ ಅಲ್ಲಲ್ಲಿ ಎರಡನೆಯ ದರ್ಜೆಯ ಒತ್ತು ಬಿದ್ದರೂ ಪ್ರಧಾನ ಒತ್ತು ಮತ್ತೆ ಬರುವುದಿಲ್ಲ. ಪತ್ರಿಕೆಯ ಕಾಲಂನಲ್ಲಿ ಈ ಪದ ಬಂದರೆ ಪುಟ ಕಟ್ಟುವವನಿಗೆ ಮುರಿಯಲು ಆರು ಬೆಸುಗೆಗಳಿವೆ, ಯಾವುದನ್ನಾದರೂ ಆರಿಸಿಕೊಳ್ಳಬಹುದು.